ಮಾವನ ಕಿವಿ, ಸೊರಬದ ಪೆಟ್ಟಿಗೆ

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ನೋಡಲೇ ಇಲ್ಲ, ಅವಳು ನೀರು ತಂದುಕೊಟ್ಟ ಚೊಂಬನ್ನು ಬೆರಳಿನ ಗಿಣ್ಣಿನಿಂದ ಬಾರಿಸಿ ನೋಡಿ "ಮನೆತನ ಒಳ್ಳೇದೈತಿ" ಎಂದು ಒಪ್ಪಿಕೊಂಡು ಬಂದ ಎಂದು ನಮ್ಮ ಬಳಗದಲ್ಲಿ ಹೇಳುತ್ತಾರೆ. ಇದು ಶುದ್ಧ ಸುಳ್ಳು ಎಂದು ಮಾವ ಇಂದಿಗೂ ವಾದಿಸುತ್ತಾನೆ. ಅವನ ಪ್ರಕಾರ ಅವನು ಮೊದಲು ನೋಡಿದ್ದು ಹುಡುಗಿಯನ್ನೇ, ಚೊಂಬು ಬಾರಿಸಿದ್ದು ಆಮೇಲೆ. ಅತ್ತೆಯನ್ನು ಕೇಳಿದರೆ ಮೂರನೆಯದೇ ಒಂದು ಕಥೆ ಬರುತ್ತದೆ. "ನನ್ನ ಮುಖ ಅವ್ರು ಸರಿಯಾಗಿ ನೋಡಿದ್ದು ಮದುವೆಯಾಗಿ ಮೂರನೇ ದಿನ. ಅದೂ ನನ್ನ ಕೈಯಾಗಿನ ತಟ್ಟೆ ಬಿದ್ದು ಸದ್ದಾಗಿದ್ದಕ್ಕೆ."

ಶಿಕಾರಿಪುರದ ಪೇಟೆಯಲ್ಲಿ ಮಾವನದು ಪಾತ್ರೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅಂಗಡಿಯಲ್ಲಿ ಹಿಡಿಸದ ಪಾತ್ರೆಗಳೆಲ್ಲ ಮನೆಯ ಅಟ್ಟದ ಮೇಲೆ. ಗಿರಾಕಿ ಒಂದು ತಪ್ಪಲೆ ಆರಿಸಿದರೆ ಮಾವ ಅದನ್ನು ಎಡಗೈಯ ಐದು ಬೆರಳ ತುದಿಯ ಮೇಲೆ ನಿಲ್ಲಿಸಿ, ಬಲಗೈಯ ಗಿಣ್ಣಿನಿಂದ ಒಂದೇ ಒಂದು ಏಟು ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಕೂದಲೆಳೆಯಷ್ಟು ಬಿರುಕಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಹಿತ್ತಾಳೆ ಕಿವಿ ಎಂದರೆ ಊರಿಗೆಲ್ಲ ಬೈಗುಳ. ನಮ್ಮ ಮಾವನಿಗೆ ಮಾತ್ರ ಅದು ಬಿರುದು!

ಬಾರಿಸುವ ಚಟ ಅಂಗಡಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಸಂತೆಯಲ್ಲಿ ತೆಂಗಿನಕಾಯಿ ಬಾರಿಸಲಿ, ಹಲಸಿನಹಣ್ಣು ಬಾರಿಸಲಿ, ಅದು ಲೋಕರೂಢಿ. ಇವನು ಬದನೆಕಾಯಿಯನ್ನೂ ಬಾರಿಸುತ್ತಿದ್ದ. ಬಸ್ಸು ಹತ್ತುವ ಮೊದಲು ಅದರ ತಗಡನ್ನು ಬಾರಿಸುತ್ತಿದ್ದ. ನಾನು ಹತ್ತನೇ ತರಗತಿ ಪಾಸಾದ ದಿನ ನನ್ನ ತಲೆಯ ಮೇಲೂ ಒಂದು ಏಟು ಕೊಟ್ಟು, ಕಣ್ಣು ಮುಚ್ಚಿ ಕೇಳಿ, "ಮೇಷ್ಟ್ರಾಗಬಹುದು" ಎಂದಿದ್ದ. ಆದೆ. ಸೊರಬದ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತ ಇಷ್ಟು ವರ್ಷ ಕಳೆದಿದ್ದೇನೆ.

ಗಿರಾಕಿಗಳ ಮುಂದೆ ಮಾವ ಒಂದು ಮಾತು ಹೇಳುತ್ತಿದ್ದ. "ನನ್ನ ಅಂಗಡಿಯಿಂದ ಒಡಕು ಪಾತ್ರೆ ಹೊರಗೆ ಹೋದ ದಿನ ಬಾಗಿಲು ಹಾಕ್ತೀನಿ." ಬೇರೆ ವ್ಯಾಪಾರಿಗಳು ಇಂಥ ಮಾತನ್ನು ವ್ಯಾಪಾರಕ್ಕಾಗಿ ಹೇಳುತ್ತಾರೆ. ಇವನು ನಿಜವಾಗಿಯೂ ಬಾಗಿಲು ಹಾಕುವ ಆಸಾಮಿ ಎಂಬುದು ನಮಗೆಲ್ಲ ಗೊತ್ತಿತ್ತು. ಆ ಅಂಗಡಿಯಿಲ್ಲದೆ ಅವನು ಒಂದು ದಿನವೂ ಬದುಕಲಾರ ಎಂಬುದೂ ಗೊತ್ತಿತ್ತು.

ಅಂಗಡಿಯ ಕಟ್ಟೆಯ ಒಂದು ಮೂಲೆ ಗಫಾರ್ ಸಾಬರದು. ಉಡುಗೊರೆಯ ಪಾತ್ರೆಗೆ ಹೆಸರು ಹಾಕದೆ ಕೊಟ್ಟರೆ ನಮ್ಮ ಕಡೆ ಅದು ಕೊಟ್ಟ ಲೆಕ್ಕವೇ ಅಲ್ಲವಲ್ಲ! ಹೆಸರು ಕೊರೆಯುವುದು ಸಾಬರ ಕೆಲಸ. ಮೊದಲು ಚಾಣ, ಸುತ್ತಿಗೆ ಹಿಡಿದು ಟಕಟಕ ಕೊರೆಯುತ್ತಿದ್ದರು. ಆಮೇಲೆ ಕರೆಂಟಿನ ಪೆನ್ನು ಬಂತು, ಗುರ್ ಎಂದು ಬರೆಯತೊಡಗಿದರು. ತಾಲ್ಲೂಕಿನ ಅರ್ಧ ಜನರ ಹೆಸರು ಅವರ ಕೈಯಿಂದಲೇ ಹಿತ್ತಾಳೆಗೆ ಇಳಿದಿದೆ. ನನ್ನ ಮದುವೆಗೆ ಮಾವ ಕೊಟ್ಟ ತಾಮ್ರದ ಕೊಡದ ಮೇಲೆ ನನ್ನ ಮತ್ತು ನನ್ನ ಹೆಂಡತಿಯ ಹೆಸರು, ಕೆಳಗೆ 'ಸೋದರಮಾವನ ಉಡುಗೊರೆ' ಎಂದು ಮುತ್ತಿನಂತೆ ಕೊರೆದವರೂ ಅವರೇ.

ಆ ಕೊಡದ ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಸೊರಬದಲ್ಲಿ ಸಂಸಾರ ಹೂಡಿದ ಮೊದಲ ದಿನ ನನ್ನ ಹೆಂಡತಿ ಅದಕ್ಕೆ ಅರಿಸಿನ ಕುಂಕುಮ ಇಟ್ಟು ನೀರು ತುಂಬಿದಳು. ಸ್ವಲ್ಪ ಹೊತ್ತಿಗೆ ಕೊಡದ ಬುಡ ಬೆವರಿತು. ಇನ್ನೂ ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಂದು ಸಣ್ಣ ಹೊಳೆ ನಡುಮನೆಗೆ ಬಂತು. ನಾನು ಕೊಡವನ್ನು ಬಾರಿಸಿ ನೋಡಿದೆ. ಸಂಗೀತದ ಗಂಧವಿಲ್ಲದ ನನಗೂ ಕೇಳುವಷ್ಟು ದೊಡ್ಡ ಒಡಕು ದನಿ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮಾವ ಇದನ್ನು ಬಾರಿಸದೆ ಕೊಟ್ಟಿರಲು ಸಾಧ್ಯವೇ ಇಲ್ಲ. ಬಾರಿಸಿದ್ದಾನೆ, ಅವನಿಗೆ ಕೇಳಿಲ್ಲ.

"ಹೇಳಬ್ಯಾಡ್ರಿ" ಎಂದಳು ಹೆಂಡತಿ. "ಹೇಳಿದ್ರೆ ನಾಳೆನೇ ಅಂಗಡಿ ಮುಚ್ತಾರೆ." ನಾನು ಕೊಡದ ಬುಡಕ್ಕೆ ಅರಗು ಮೆತ್ತಿ ಅಟ್ಟದ ಮೇಲಿಟ್ಟೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕಟ್ಟಿದರೂ ಈ ಬೆಕ್ಕಿಗೆ ಆ ಗಂಟೆ ಕೇಳಬೇಕಲ್ಲ!

ಇಷ್ಟೆಲ್ಲ ಆಗಿ ಒಂದೂವರೆ ವರ್ಷದ ಮೇಲೆ ಬಂದದ್ದು ಸೊರಬದ ಪೆಟ್ಟಿಗೆ.

ಮಾವನ ಮನೆಯಲ್ಲಿ ಒಂದು ಟೇಪ್‌ರೆಕಾರ್ಡರ್ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯನ್ನು ಗಫಾರ್ ಸಾಬರ ವಶಕ್ಕೆ ಬಿಟ್ಟು ಒಳಗೆ ಬಂದು ಒಂದು ಗಂಟೆ ವಚನಗಳನ್ನು ಕೇಳುವುದು ಅವನ ಪದ್ಧತಿ. ಆದರೆ ಒಂದೆರಡು ವರ್ಷದಿಂದ "ಈಗಿನ ಕ್ಯಾಸೆಟ್‌ನಾಗೆ ಗಟ್ಟಿತನ ಇಲ್ಲ, ಸೋರೇಕಾಯಿ ಸಾರು ಇದ್ದಂಗೈತಿ" ಎಂದು ಗೊಣಗತೊಡಗಿದ್ದ. ಹೀಗಿರುವಾಗ ಒಮ್ಮೆ ನಮ್ಮ ಮನೆಗೆ ಬಂದವನು ಸೊರಬದಲ್ಲಿ ರೇಡಿಯೋ ರಿಪೇರಿ ಮಾಡುವ ಮಂಜಪ್ಪನ ಅಂಗಡಿಯ ಮುಂದೆ ಗಕ್ಕನೆ ನಿಂತ. ಒಳಗಿನಿಂದ ತಬಲಾದ ಎಡಗೈ ಏಟು ಮಾತ್ರ ನೆಲದಡಿಯಿಂದ ಎದ್ದ ಹಾಗೆ ಬರುತ್ತಿತ್ತು. ಮಂಜಪ್ಪ ಹಲಗೆ ಜೋಡಿಸಿ, ಒಳಗೆ ದೊಡ್ಡ ಸ್ಪೀಕರನ್ನೂ ಅದಕ್ಕೊಂದು ಸ್ವಂತ ಆಂಪ್ಲಿಫೈಯರನ್ನೂ ಕೂಡಿಸಿ, ಮುಂಭಾಗಕ್ಕೆ ಮುಷ್ಟಿ ಹೋಗುವಷ್ಟು ದೊಡ್ಡ ತೂತು ಕೊರೆದು ಮಾಡಿದ ಪೆಟ್ಟಿಗೆ. ಸಬ್‌ವೂಫರ್ ಎಂದು ಅದರ ಹೆಸರು. ಮಾವ ಅದರ ಮೇಲೆ ಅಂಗೈಯಿಟ್ಟು ಎರಡು ಬಸ್ಸು ಹೋಗುವವರೆಗೂ ನಿಂತಿದ್ದ.

"ಇದು ನೋಡಪ್ಪ ಸದ್ದು" ಎಂದ ಕೊನೆಗೆ. "ತೂಕ ಐತಿ."

ಪೆಟ್ಟಿಗೆಯನ್ನು ಶಿಕಾರಿಪುರಕ್ಕೆ ಸಾಗಿಸುವ ಭಾಗ್ಯ ನನ್ನದಾಯಿತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಶಿರಾಳಕೊಪ್ಪದಲ್ಲಿ ಕಂಡಕ್ಟರ್ ತೂತಿಗೆ ಕಣ್ಣಿಟ್ಟು, "ಕೋಳಿ ಎಷ್ಟಿದಾವೆ ಮೇಷ್ಟ್ರೇ?" ಎಂದು ಕೇಳಿದ. ಕೋಳಿಯಲ್ಲ, ಸಬ್‌ವೂಫರ್ ಎಂದೆ. "ಯಾವ್ದಾದ್ರೂ ಆಗ್ಲಿ, ಜೀವ ಇದ್ರೆ ಟಿಕೆಟ್" ಎಂದ ಅವನು.

ಪೆಟ್ಟಿಗೆಯನ್ನು ಕೂಡಿಸಿದ ದಿನ ಮಾವ ಮಗುವಿನಂತೆ ನಲಿದ. ಎರಡನೆಯ ದಿನವೇ ಎಸ್‌ಟಿಡಿ ಬೂತಿನಿಂದ ನಮ್ಮ ಶಾಲೆಗೆ ಫೋನು ಬಂತು. ಹೆಡ್‌ಮಾಸ್ಟರು ಯಾರೋ ಹೋಗಿಬಿಟ್ಟರು ಎಂದುಕೊಂಡು ಮುಖ ಚಿಕ್ಕದು ಮಾಡಿಕೊಂಡು ನನ್ನನ್ನು ಕರೆದರು. "ಗುಂಯ್ ಅಂತೈತಿ" ಎಂದ ಮಾವ. "ಹಾಡು ಹಚ್ಚದಿದ್ರೂ ಗುಂಯ್ ಅಂತೈತಿ. ಒಳಗೆ ಜೇನುಗೂಡು ಐತೇನು ಕೇಳು ಆ ಮಂಜಪ್ಪಗೆ."

ಮಂಜಪ್ಪ ಅವಸರದ ಮನುಷ್ಯನಲ್ಲ. ಬೀಡಿ ಹಚ್ಚಿ ಹೇಳಿದ: "ಎಂತ ಇಲ್ಲ ಮಾರಾಯ್ರೆ. ಟೇಪಿಂದ ಬರೋ ವೈರು ಕಿತ್ತು ನೋಡಿ. ಸದ್ದು ನಿಂತ್ರೆ ತಪ್ಪು ಆಚೆಗಿಂದು, ನಿಲ್ಲದಿದ್ರೆ ತಪ್ಪು ನನ್ನ ಪೆಟ್ಟಿಗೇದು." ವೈರು ಕಿತ್ತರೆ ನಿಂತಿತು. ಹಾಗಾದರೆ ಮನೆಯ ಅರ್ಥಿಂಗ್ ಸರಿಯಿಲ್ಲ, ಹಿತ್ತಲಿನ ಅರ್ಥಿಂಗ್ ಗುಂಡಿ ಒಣಗಿರಬೇಕು, ಅದಕ್ಕೆ ಒಂದಿಷ್ಟು ಇದ್ದಿಲು, ಉಪ್ಪು ಹಾಕಿ ನೀರು ಬಿಡಿ ಎಂದ.

ಒಂದಿಷ್ಟು ಎಂಬ ಮಾತು ನಮ್ಮ ಮಾವನಿಗೆ ತಿಳಿಯುವುದಿಲ್ಲ. ಮರುದಿನದಿಂದ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಒಂದು ಕೊಡ ಉಪ್ಪುನೀರನ್ನು ಆ ಗುಂಡಿಗೆ ಭಕ್ತಿಯಿಂದ ಸುರಿಯತೊಡಗಿದ. ಪಕ್ಕದ ಮನೆಯವರು ಇದು ಯಾವ ವ್ರತ, ಎಷ್ಟು ವಾರ ಮಾಡಬೇಕು ಎಂದು ಅತ್ತೆಯನ್ನು ವಿಚಾರಿಸಿಕೊಂಡು ಹೋದರು. ಗುಂಡಿಯ ಪಕ್ಕದಲ್ಲೇ ಅತ್ತೆಯ ಮಲ್ಲಿಗೆ ಬಳ್ಳಿಯಿತ್ತು. ಹದಿನೈದು ದಿನದಲ್ಲಿ ಗುಂಯ್ ಎಂಬುದು ಪೂರ್ತಿ ಹೋಯಿತು. ಮಲ್ಲಿಗೆಯೂ ಹೋಯಿತು. ಅತ್ತೆ ಒಂದು ವಾರ ಮಾತು ಬಿಟ್ಟಳು. ಮನೆ ಅಷ್ಟು ನಿಶ್ಶಬ್ದವಾದದ್ದರಿಂದಲೇ ಎರಡನೆಯ ಸದ್ದು ಪತ್ತೆಯಾಯಿತು.

ಅದು ಝಲ್ ಎಂಬ ಸದ್ದು. ಹಾಡಿನ ನಡುವೆ ಯಾವುದೋ ಒಂದು ಏಟಿಗೆ ಮಾತ್ರ ಬರುತ್ತಿತ್ತು. ಈ ಸಲ ಹಿಡಿಯುವುದು ಕಷ್ಟವಿರಲಿಲ್ಲ. ಅಟ್ಟದ ಮೇಲೆ ಮುನ್ನೂರು ಪಾತ್ರೆಗಳಿರುವ ಮನೆಯಲ್ಲಿ ನೆಲ ನಡುಗಿಸುವ ಪೆಟ್ಟಿಗೆ ತಂದಿಟ್ಟರೆ ಇನ್ನೇನಾದೀತು? ಮಾಡಿದ್ದುಣ್ಣೋ ಮಹಾರಾಯ! ಆದರೆ ಮುನ್ನೂರರಲ್ಲಿ ಯಾವುದು? ನಾನು ಕೆಳಗೆ ಕೂತು ಅದೇ ಒಂದು ಏಟನ್ನು ಮತ್ತೆ ಮತ್ತೆ ಬಾರಿಸುವುದು, ಮಾವ ಏಣಿಯ ಮೇಲೆ ನಿಂತು ಪತ್ತೆ ಹಚ್ಚುವುದು ಎಂದಾಯಿತು. ಟೇಪನ್ನು ಹಿಂದಕ್ಕೆ ಓಡಿಸಿ, ಮುಂದಕ್ಕೆ ಓಡಿಸಿ ನನ್ನ ಬೆರಳಿನ ಚರ್ಮ ಸುಲಿಯಿತು.

ಕೊನೆಗೆ ಮಾವ "ಸಿಕ್ತು" ಎಂದು ಒಂದು ಕೊಳಗವನ್ನು ಎತ್ತಿ ತೋರಿಸಿದ. ಅದರ ಮುಚ್ಚಳ ಸಡಿಲವಿತ್ತು. ಸರಿಯಾಗಿಯೇ ಹಿಡಿದಿದ್ದ. ಆದರೆ ಏಣಿಯ ಮೇಲಿಂದ ಅವನು ಕಿವಿಗೊಟ್ಟು ಕೇಳಲಿಲ್ಲ; ಒಂದೊಂದೇ ಪಾತ್ರೆಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ನೋಡಿದ. ಕೆಳಗಿದ್ದ ಅತ್ತೆ ಅದನ್ನು ನೋಡಿದಳು, ನಾನೂ ನೋಡಿದೆ. ಅತ್ತೆ ನನ್ನನ್ನು ನೋಡಿ ಒಳಗೆ ಹೋದಳು. ಆಗಲೇ ನನಗೆ ಗೊತ್ತಾಯಿತು, ಕೊಡದ ವಿಷಯ ತಿಳಿಯದಿದ್ದರೂ ಕಿವಿಯ ವಿಷಯ ಅವಳಿಗೂ ತಿಳಿದಿದೆ ಎಂದು.

ಮೂರನೆಯ ಸದ್ದಿನ ಅಪರಾಧಿ ಅತ್ತೆಯೇ. ಪೆಟ್ಟಿಗೆ ಲಟಲಟ ಎನ್ನತೊಡಗಿತು. ನಾನು ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಮುಂದಿನ ತೂತಿನಿಂದ ಎರಡು ಕಟ್ಟು ಹತ್ತಿಯ ಬತ್ತಿ, ಒಂದು ಅಡಕೊತ್ತು, ಒಂದು ಗಂಟು ಕಟ್ಟಿದ ಇಂಗು, ಮತ್ತು ಮೂರು ವಾರದಿಂದ ಕಳೆದುಹೋಗಿದ್ದ ಬೀರುವಿನ ಬೀಗದ ಕೈ ಹೊರಗೆ ಬಿದ್ದವು. ಬೀಗದ ಕೈ ಕಳೆದವನು ನಾನೇ ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದಿದ್ದ.

"ಇಲ್ಲಿ ಯಾಕೆ ಇಟ್ಟೆ?" ಎಂದು ಕೇಳಿದ.

"ಇಲಿ ಹೋಗಂಗಿಲ್ಲ ಅಂತ" ಎಂದಳು ಅತ್ತೆ. "ಆ ಸದ್ದಿಗೆ ಯಾವ ಇಲಿ ಬರ್ತತಿ? ಮನೆಯಾಗೆ ಇಷ್ಟು ದೊಡ್ಡ ತೂತು ಇಟ್ಕೊಂಡು ಸುಮ್ನೆ ಖಾಲಿ ಬಿಡ್ಲೇನು?" ಮಾವ ಬೀಗದ ಕೈ ಎತ್ತಿಕೊಂಡು ಅಂಗಡಿಗೆ ಹೋದ.

ನಾಲ್ಕನೆಯದು ಗಫಾರ್ ಸಾಬರದು. ಅವರು ಮುಂದೆ ಅಂಗಡಿಯಲ್ಲಿ ಪೆನ್ನು ಒತ್ತಿದರೆ ಹಿಂದೆ ಮನೆಯಲ್ಲಿ ಪೆಟ್ಟಿಗೆ ಗುರ್ ಎನ್ನುತ್ತಿತ್ತು. ಎರಡಕ್ಕೂ ಒಂದೇ ಲೈನು. ಒಂದು ಕಡೆ ಶರಣರ ವಚನ, ನಡುವೆ ಯಾರದೋ ಮದುವೆಯ ಹೆಸರು! ಕೆಲವು ದಿನ ಮಾವ ಇದನ್ನೂ ಆಟ ಮಾಡಿಕೊಂಡ. ಪೆಟ್ಟಿಗೆಯ ಮೇಲೆ ಕೈಯಿಟ್ಟು, ಗುರ್ ಎಷ್ಟು ಉದ್ದ ಬಂತು, ಎಷ್ಟು ಸಲ ನಿಂತಿತು ಎಂದು ಲೆಕ್ಕ ಹಾಕಿ, "ಇದು ಆನವಟ್ಟಿ ಕಡೇದು. ಅಲ್ಲಿಯವರು ಊರಿನ ಹೆಸರು, ತಂದೆ ಹೆಸರು, ಮನೆತನದ ಹೆಸರು ಎಲ್ಲಾ ಹಾಕಿಸ್ತಾರೆ" ಎನ್ನುತ್ತಿದ್ದ. ನಾನು ಹೋಗಿ ನೋಡಿದರೆ ಹತ್ತರಲ್ಲಿ ಆರು ಸಲ ಸರಿಯಾಗಿಯೇ ಇರುತ್ತಿತ್ತು. ಉಳಿದ ನಾಲ್ಕು ಸಲ ಸಾಬರು ಬೆವರು ಒರೆಸಿಕೊಳ್ಳಲು ನಿಲ್ಲಿಸಿರುತ್ತಿದ್ದರು.

ಆಟ ಬೇಸರವಾದ ಮೇಲೆ ಜಗಳ ಶುರುವಾಯಿತು. ಹಾಡು ಕೇಳುವ ಹೊತ್ತಿನಲ್ಲಿ ಪೆನ್ನು ನಿಲ್ಲಿಸಬೇಕೆಂದು ಮಾವ ಹುಕುಂ ಹೊರಡಿಸಿದ.

"ನಾನು ಈ ಕಟ್ಟೆ ಮ್ಯಾಲೆ ಕೂತು ಮೂವತ್ತು ವರ್ಷ ಆತು ಯಜಮಾನ್ರೆ" ಎಂದರು ಸಾಬರು. "ನಿಮ್ಮ ಪೆಟ್ಟಿಗೆ ಬಂದು ಮೂರು ತಿಂಗ್ಳಾತು. ಗಲಾಟೆ ಯಾರ್ದು, ನೀವೇ ಹೇಳ್ರಿ." ಆದರೂ ಮರುದಿನದಿಂದ ಮಧ್ಯಾಹ್ನದ ಆ ಒಂದು ಗಂಟೆ ಅವರು ಹಳೆಯ ಚಾಣ, ಸುತ್ತಿಗೆ ತೆಗೆದು ಕೈಯಲ್ಲೇ ಕೊರೆಯತೊಡಗಿದರು. ಕೈಯಕ್ಷರ ಪೆನ್ನಿಗಿಂತ ಚೆಂದ ಎಂದು ಗೊತ್ತಾಗಿ ಜನ ಬೇಕೆಂದೇ ಆ ಹೊತ್ತಿಗೇ ಬರುವಂತಾಯಿತು. ಸಾಬರಿಗೆ ಊಟಕ್ಕೂ ಪುರಸೊತ್ತಿಲ್ಲದಾಯಿತು.

ಇನ್ನು ಯಾವ ಸದ್ದೂ ಉಳಿದಿರಲಿಲ್ಲ. ನಾಲ್ಕು ತಿಂಗಳು, ಹನ್ನೊಂದು ಸಲ ಬಸ್ಸು ಪ್ರಯಾಣ, ಒಂದು ಮಲ್ಲಿಗೆ ಬಳ್ಳಿ. ಇಷ್ಟು ಬಲಿ ಕೊಟ್ಟ ಮೇಲೆ ಪೆಟ್ಟಿಗೆ ತೊಟ್ಟಿಲ ಕೂಸಿನ ಹಾಗೆ ಸುಮ್ಮನಾಯಿತು. ನಾನು ನೆಮ್ಮದಿಯಿಂದ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮತ್ತೆ ಫೋನು ಬಂತು.

"ಸುಯ್ ಅಂತೈತಿ" ಎಂದ ಮಾವ.

ಈ ಸಲದ ಸದ್ದು ಬೇರೆ ಜಾತಿಯದು. ಎಲ್ಲೋ ನಾಲ್ಕು ಮನೆಯಾಚೆ ಕುಕ್ಕರ್ ಇಟ್ಟ ಹಾಗೆ, ಸಣ್ಣಗೆ, ನಿಲ್ಲದೆ. ವೈರು ಕಿತ್ತರೂ ಬರುತ್ತದೆ, ಜೋಡಿಸಿದರೂ ಬರುತ್ತದೆ. ಮಾವ ಹೇಳಿದ್ದು ಇಷ್ಟು. ನಾನು ಹೋಗಿ ಕೇಳಿದೆ, ನನಗೇನೂ ಕೇಳಲಿಲ್ಲ. ಅತ್ತೆಗೂ ಕೇಳಲಿಲ್ಲ. ಸಾಬರು ಪೆಟ್ಟಿಗೆಗೆ ಕಿವಿ ಹಚ್ಚಿ ಕೂತು, "ಸ್ವಲ್ಪ ಐತೇನೋ" ಎಂದರು. ಅವರು ಸುಳ್ಳು ಹೇಳುವಾಗ ಗಡ್ಡ ಕೆರೆದುಕೊಳ್ಳುತ್ತಾರೆ, ಆಗಲೂ ಕೆರೆದುಕೊಂಡರು.

ನಮಗೆಲ್ಲ ಒಳಗೊಳಗೇ ಹೆದರಿಕೆ. ಮಾವನಿಗೆ ಮಾತ್ರ ದಿನದಿನಕ್ಕೆ ಸಿಟ್ಟು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳಬೇಡ ಎಂದರೆ ಕೇಳುವವನೇ? ಬಂದವರೆದುರಿಗೆಲ್ಲ "ಸೊರಬದೋನು ಒಡಕು ಮಾಲು ದಾಟಿಸಿದ" ಎನ್ನತೊಡಗಿದ. ಈ ಮಾತು ಹೇಗೋ ಸೊರಬ ಮುಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಮಂಜಪ್ಪ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಮುಂದೆ ನಿಂತಿದ್ದ. "ಬನ್ನಿ ಮೇಷ್ಟ್ರೇ, ಹೋಗಿ ಬರಾಣ. ನನ್ನ ಹೆಸರು ಕೆಡ್ತಾ ಇದೆ" ಎಂದ. ಬೀಡಿಯನ್ನೂ ಹಚ್ಚಿರಲಿಲ್ಲ.

ಶಿಕಾರಿಪುರದಲ್ಲಿ ಅವನು ಪೆಟ್ಟಿಗೆಯ ಹಿಂಭಾಗ ಬಿಚ್ಚಿದ. ಒಂದೊಂದು ಬೆಸುಗೆಯನ್ನೂ ಮತ್ತೆ ಕಾಸಿದ. ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಡಾಕ್ಟರಂತೆ ಆಲಿಸಿದ. ಊಟದ ಹೊತ್ತು ಮೀರಿತು. ಮಾವ ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು, ಪಾತ್ರೆ ಬಾರಿಸುವಾಗ ಕೂರುವ ಹಾಗೇ ಕಣ್ಣು ಮುಚ್ಚಿ ಕೂತಿದ್ದ. ಅತ್ತೆ ಬಾಗಿಲಲ್ಲಿ, ಸಾಬರು ಹೊಸ್ತಿಲ ಮೇಲೆ, ನಾನು ಗೋಡೆಗೊರಗಿ ನಿಂತಿದ್ದೆವು.

"ಈಗ ಕೇಳಿ ಯಜಮಾನ್ರೆ" ಎಂದ ಮಂಜಪ್ಪ. "ಹಾಡು ಹಾಕಿಲ್ಲ. ಪೆಟ್ಟಿಗೆ ಚಾಲೂ ಇದೆ. ಸದ್ದು ಇದ್ಯಾ?"

"ಐತಿ" ಎಂದ ಮಾವ.

"ನನಗೆ ಕೇಳ್ತಾ ಇಲ್ಲ."

"ನಿನಗೆ ಹೆಂಗೆ ಕೇಳ್ತತಿ? ಮಾಡಿದೋನಿಗೆ ಒಡಕು ಕೇಳಂಗಿಲ್ಲ. ಮೂವತ್ತು ವರ್ಷ ಒಡಕು ಹಿಡಿದ ಕಿವಿ ಇದು."

ಆಗಲೇ ಕರೆಂಟು ಹೋಯಿತು. ನಮ್ಮಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ಹೊಸದೇನಲ್ಲ. ಮಾವನ ತಲೆಯ ಮೇಲೆ ಕಟಕಟ ಎನ್ನುತ್ತಿದ್ದ ಹಳೆಯ ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು. ಪೆಟ್ಟಿಗೆಯ ಕೆಂಪು ದೀಪ ಆರಿತು. ಕಣ್ಣು ಮುಚ್ಚಿದ್ದ ಮಾವನಿಗೆ ದೀಪ ಆರಿದ್ದು ಕಾಣಲಿಲ್ಲ, ಫ್ಯಾನು ನಿಂತದ್ದು ಕೇಳಲೂ ಇಲ್ಲ. ಅವನು ಬೆರಳೆತ್ತಿದ.

"ನೋಡ್ರಿ, ಈಗ ಇನ್ನೂ ಸ್ಪಷ್ಟ ಬರ್ತಾ ಐತಿ."

ಮಂಜಪ್ಪ ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಗಫಾರ್ ಸಾಬರು ಗಡ್ಡ ಕೆರೆದುಕೊಂಡರು. "ಹೌದು ಯಜಮಾನ್ರೆ, ನಂಗೂ ಕೇಳ್ತೈತಿ. ಈಗ ಕೇಳ್ತೈತಿ."

ಮಾವ ಗೆದ್ದವನಂತೆ ನಗುತ್ತ ಕಣ್ಣು ತೆರೆದ. ಮೊದಲು ನೋಡಿದ್ದು ಫ್ಯಾನನ್ನು. ರೆಕ್ಕೆ ಮೂರನ್ನೂ ಎಣಿಸಬಹುದಾಗಿತ್ತು. ಆಮೇಲೆ ಪೆಟ್ಟಿಗೆಯ ದೀಪ ನೋಡಿದ. ಆಮೇಲೆ ಒಬ್ಬೊಬ್ಬರನ್ನಾಗಿ ನಮ್ಮನ್ನು ನೋಡಿದ. ನಾವೆಲ್ಲರೂ ನೆಲ ನೋಡುತ್ತಿದ್ದೆವು.

"ಕರೆಂಟು ಯಾವಾಗ ಹೋತು?"

"ಆಗ್ಲೇ ಹೋತ್ರಿ" ಎಂದಳು ಅತ್ತೆ ಮೆಲ್ಲಗೆ. ಅವನಿಗೆ ಕೇಳಲಿಲ್ಲ. ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು ಇನ್ನೊಮ್ಮೆ ಹೇಳಿದಳು.

ಮಾವ ಬಗ್ಗಿ ಪೆಟ್ಟಿಗೆಯ ಬೆನ್ನು ಸವರಿದ. "ಹಂಗಾರೆ ಪೆಟ್ಟಿಗೆ ಸರಿ ಐತಿ" ಎಂದ. "ಒಳ್ಳೇ ಪಾತ್ರೆಗೆ ಒಡಕು ಅಂತ ಊರೆಲ್ಲಾ ಹೇಳಿದೆ. ಮನಸಿಗೆ ಹಚ್ಕೋಬ್ಯಾಡ ಮಂಜಪ್ಪ." ಮಂಜಪ್ಪ ಅಯ್ಯೋ ಎನ್ನುತ್ತ ಅವನ ಕೈ ಹಿಡಿದುಕೊಂಡ. ಮಾವನ ಕಣ್ಣು ಆಗಲೇ ನನ್ನ ಕಡೆ ತಿರುಗಿತ್ತು.

"ನಿನ್ನ ಮದುವಿಗೆ ಕೊಟ್ಟ ಕೊಡ. ನೀರು ನಿಲ್ತತೇನು?"

ಅಷ್ಟು ಬೇಗ ಅವನ ಲೆಕ್ಕ ಅಲ್ಲಿಗೆ ಹೋಗುತ್ತದೆಂದು ನಾನು ಎಣಿಸಿರಲಿಲ್ಲ. "ಒಂದು ಹನಿ ಹೊರಗೆ ಬಂದಿಲ್ಲ ಮಾವ" ಎಂದೆ. ಒಳಗೆ ಒಂದು ಹನಿಯೂ ಹಾಕಿರಲಿಲ್ಲವಾದ್ದರಿಂದ ಇದು ಪೂರ್ತಿ ಸುಳ್ಳೇನಲ್ಲ.

ಮರುದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಎರಡನೆಯ ದಿನವೂ ಇಲ್ಲ. ಗಫಾರ್ ಸಾಬರು ಎಂದಿನಂತೆ ಬಂದು, ಮುಚ್ಚಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು, ಸಂಜೆಯಾದ ಮೇಲೆ ಮನೆಗೆ ಹೋಗುತ್ತಿದ್ದರಂತೆ. ಮೂರನೆಯ ದಿನ ಮಾವನೇ ಹೊರಗೆ ಬಂದ. ಕ್ಯಾಸೆಟ್ಟು ಸಪ್ಪೆ ಅನ್ನಿಸತೊಡಗಿದ ಎರಡು ವರ್ಷದಿಂದೀಚೆಗೆ ಕೊಟ್ಟ ಪಾತ್ರೆಗಳನ್ನೆಲ್ಲ ಮನೆ ಮನೆಗೆ ಹೋಗಿ ಬಾರಿಸಿ ನೋಡಬೇಕು, ಒಡಕಿದ್ದದ್ದನ್ನು ಬದಲಿಸಿಕೊಡಬೇಕು, ಆಮೇಲೆ ಅಂಗಡಿ ಮುಚ್ಚಿಯೇಬಿಡಬೇಕು, ನೀನೂ ಬಾ ಎಂದು ಸಾಬರಿಗೆ ಹೇಳಿದ. ಅವರಿಗೆ ತಾವು ಕೊರೆದ ಹೆಸರು ಒಂದೂ ಮರೆತಿರಲಿಲ್ಲ. ಮೊದಲ ಮನೆ ನಮ್ಮದು.

ಅವರು ಸೊರಬಕ್ಕೆ ಬರುವ ಸುದ್ದಿ ಅತ್ತೆಯ ಫೋನಿನಿಂದ ಶಾಲೆಯಲ್ಲಿ ಮೊದಲೇ ತಿಳಿಯಿತು, ಒಬ್ಬ ಹುಡುಗನ ಕೈಲಿ ಮನೆಗೆ ಹೇಳಿ ಕಳಿಸಿದೆ. ನಾನು ಮನೆಗೆ ಓಡಿ ಬಂದಾಗ ನನ್ನ ಹೆಂಡತಿ ಕೊಡವನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ, ಚೀಲದಲ್ಲಿದ್ದ ಅಕ್ಕಿಯನ್ನೆಲ್ಲ ಅದಕ್ಕೆ ಸುರಿಯುತ್ತಿದ್ದಳು. ಮನೆಯ ಅಕ್ಕಿ ಸಾಲದೆ ಪಕ್ಕದ ಮನೆಯಿಂದಲೂ ತಂದಿದ್ದಳು. "ಅಕ್ಕಿ ತುಂಬಿದ್ರೆ ಯಾವ ಕೊಡ ನುಡೀತದೆ?" ಎಂದಳು. ಮಾವ ನನ್ನ ತಲೆ ಬಾರಿಸಿ ನೋಡಿದ ಹಾಗೆ ಇವಳ ತಲೆ ಬಾರಿಸಿ ನೋಡಿದ್ದರೆ ಜಿಲ್ಲಾಧಿಕಾರಿ ಎಂದಿರುತ್ತಿದ್ದ.

ಕೈಕಾಲು ತೊಳೆಯಲು ನಲ್ಲಿಯ ಬಳಿ ಹೋದಾಗ ಗಫಾರ್ ಸಾಬರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಕೊಡ ಒಡಕು ಅಂತ ನಂಗೆ ಅವತ್ತೇ ಗೊತ್ತು ಮೇಷ್ಟ್ರೇ" ಎಂದರು. "ಕೊನೇ ಅಕ್ಷರ ಕೊರೆಯೋವಾಗ ಪೆನ್ನಿನ ಕೆಳಗೆ ಅದರ ದನಿ ಒಡೀತು. ಹೆಸರು ಪೂರಾ ಹಾಕಿಬಿಟ್ಟಿದ್ದೆ. ಬೆಳಿಗ್ಗೆ ನಿಮ್ಮ ಮದುವೆ. ಬಾಯಿ ಬರಲಿಲ್ಲ. ಅವತ್ತಿನಿಂದ ಅಂಗಡಿ ಬಿಡೋ ಪ್ರತಿ ಪಾತ್ರೆನೂ ನಾನು ಕೊರೆಯೋ ಮುಂಚೆ ಬಾರಿಸಿ ನೋಡ್ತೀನಿ. ಹೆಸರು ಹಾಕಿಸದಿದ್ರೂ ಒರೆಸಿ ಕೊಡೋ ನೆಪದಾಗೆ ಬಾರಿಸ್ತೀನಿ. ಒಡಕಿದ್ದದ್ದು ಹಿಂದಕ್ಕೆ ಇಟ್ಟುಬಿಡ್ತೀನಿ. ಹೊರಗೆ ಹೋದ ಒಡಕು ನಿಮ್ದೊಂದೇ." ಎರಡು ವರ್ಷ ಈ ಮನುಷ್ಯ ಬಾಯಿ ಬಿಡದೆ ಮಾವನ ಮಾತನ್ನು ಉಳಿಸಿದ್ದ. ನಾನು ಅವರ ಕೈಗೆ ಇನ್ನಷ್ಟು ನೀರು ಹಾಕಿದೆ.

ಮಾವ ಅಡುಗೆಮನೆಯಲ್ಲಿ ಕೊಡದ ಮುಂದೆ ಮಂಡಿಯೂರಿ ಕೂತ. ಗಿಣ್ಣಿನಿಂದ ಒಂದೇ ಏಟು ಕೊಟ್ಟ. ದಪ್ ಎಂದಿತು.

"ಅಕ್ಕಿ ತುಂಬೈತಿ ಯಜಮಾನ್ರೆ, ಹೆಂಗೆ ನುಡೀತತಿ?" ಎಂದರು ಸಾಬರು, ಅವನ ಕಿವಿಯ ಹತ್ತಿರ ಬಾಗಿ.

"ಖಾಲಿ ಮಾಡ್ಲಾ ಮಾವ?" ಎಂದಳು ನನ್ನ ಹೆಂಡತಿ.

ಮಾವ ಕೊಡವನ್ನು ಸ್ವಲ್ಪ ವಾಲಿಸಿ ಅಂಗೈಯನ್ನು ಬುಡದ ಸುತ್ತ ಆಡಿಸಿದ. ಒಂದು ಕಡೆ ಅವನ ಬೆರಳು ನಿಂತಿತು. ಅಲ್ಲಿ ನಾನು ಮೆತ್ತಿದ ಅರಗಿತ್ತು. ಅರಗು ಯಾವುದು, ತಾಮ್ರ ಯಾವುದು ಎಂದು ಆ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ನನ್ನನ್ನು ನೋಡಿದ, ಅಕ್ಕಿಯನ್ನು ನೋಡಿದ, ಬೆಳಗಿ ಬೆಳಗಿ ಕೆಂಪಗಾದ ನನ್ನ ಹೆಂಡತಿಯ ಅಂಗೈಗಳನ್ನು ನೋಡಿದ. ಕೊನೆಗೆ ಸಾಬರನ್ನು ನೋಡಿದ. ಸಾಬರು ಗಡ್ಡ ಕೆರೆದುಕೊಳ್ಳುತ್ತಿದ್ದರು.

"ನನ್ನ ಕಣ್ಣು ಮಂಜಾಗಿ ಆರು ವರ್ಷ ಆತು" ಎಂದರು ಸಾಬರು, ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಳ್ಳುತ್ತ. "ನಾನು ಕೊರೆಯೋದು ಬಿಟ್ನೇನು? ಇದನ್ನ ಹಾಕ್ಕೊಂಡೆ. ನಿಮ್ಮ ಕಿವಿಗೆ ನಾನಿದೀನಿ. ನಾನು ಬಾರಿಸ್ತೀನಿ, ನೀವು ಕೈಯಿಟ್ಟು ನೋಡ್ರಿ. ಇಬ್ರೂ ಹೂಂ ಅಂದ್ರೆ ಮಾತ್ರ ಪಾತ್ರೆ ಹೊರಗೆ."

ಮಾವ ಕೊಡದ ಕುತ್ತಿಗೆಯ ಮೇಲೆ ಚೆಲ್ಲಿದ್ದ ನಾಲ್ಕು ಕಾಳು ಅಕ್ಕಿಯನ್ನು ಆಯ್ದು ಒಳಗೆ ಹಾಕಿ, ನನ್ನ ಹೆಂಡತಿಯ ತಲೆಯ ಮೇಲೆ ಕೈಯಿಟ್ಟ. "ಖಾಲಿ ಮಾಡಬ್ಯಾಡಮ್ಮ" ಎಂದ. "ಇದರಾಗಿನ ಅಕ್ಕಿ ಯಾವತ್ತೂ ಕಡಿಮಿ ಆಗಾಕೆ ಬಿಡಬ್ಯಾಡ."

ಅವನಿಗೆ ಎಲ್ಲ ಗೊತ್ತಾಗಿತ್ತು. ಅವನಿಗೆ ಗೊತ್ತಾಯಿತೆಂದು ನಮಗೂ ಗೊತ್ತಾಯಿತು. ಜೀವಮಾನದಲ್ಲಿ ಮೊದಲ ಸಲ ನಮ್ಮ ಮಾವ ಒಂದು ಒಡಕು ಪಾತ್ರೆಯನ್ನು ಒಡಕು ಎನ್ನದೆ ಬಿಟ್ಟ. ಅದು ನಮ್ಮ ಮೇಲಿನ ಪ್ರೀತಿಯಿಂದ ಎಂದು ತಿಳಿದು ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಅಂಗಡಿ ತೆರೆಯಿತು. ಈಗಲೂ ಮಧ್ಯಾಹ್ನ ಒಂದು ಗಂಟೆ ಮಾವ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ವಚನ ಕೇಳುತ್ತಾನೆ. ಕಿವಿಯಲ್ಲಿ ಆ ಸುಯ್ ಎಂಬ ಸದ್ದು ಇನ್ನೂ ಇದೆಯಾ ಎಂದು ಕೇಳಿದರೆ "ಐತಿ, ಅದೂ ವಚನ ಕೇಳ್ಕೊಂತ ಕೂತೈತಿ" ಎನ್ನುತ್ತಾನೆ. ಸೊರಬಕ್ಕೆ ಬಂದರೆ ಚಪ್ಪಲಿ ಬಿಟ್ಟವನೇ ನೇರ ಅಡುಗೆಮನೆಗೆ ಹೋಗಿ ಕೊಡದ ಮುಚ್ಚಳ ತೆಗೆದು ನೋಡುತ್ತಾನೆ. ಹಬ್ಬವಿರಲಿ, ತಿಂಗಳ ಕೊನೆಯಿರಲಿ, ಅದರಲ್ಲಿ ಅಕ್ಕಿ ಕುತ್ತಿಗೆಯಿಂದ ಕೆಳಗೆ ಇಳಿಯಲು ನಾವು ಇದುವರೆಗೆ ಬಿಟ್ಟಿಲ್ಲ.